ಹೊಲಿಗೆ ಲೈನಿನಲ್ಲಿ ಲೀನ್ ಪದ್ಧತಿ: ಎಲ್ಲಿಂದ ಆರಂಭಿಸಿದಿರಿ?

ಪ್ರಶ್ನೆ (ಲೈನ್ ಸೂಪರ್‌ವೈಸರ್, ದೊಡ್ಡಬಳ್ಳಾಪುರ)
ನಮ್ಮ ಶರ್ಟ್ ಲೈನಿನಲ್ಲಿ 30 ಆಪರೇಟರ್‌ಗಳಿದ್ದಾರೆ. ಒಂದು ಶರ್ಟಿನ ಎಸ್‌ಎಎಂ, ಅಂದರೆ ಅದನ್ನು ಹೊಲಿಯಲು ನಿಗದಿಯಾದ ಪ್ರಮಾಣಿತ ಸಮಯ, 18 ನಿಮಿಷ. ಎಂಟು ಗಂಟೆಗೆ 480 ಪೀಸ್ ಬರುತ್ತಿದ್ದು, ದಕ್ಷತೆ ಶೇ 60 ಆಗುತ್ತದೆ. ಮೆಷಿನ್‌ಗಳ ನಡುವೆ ಯಾವಾಗಲೂ ಸುಮಾರು 600 ಪೀಸ್ ಬಿದ್ದಿರುತ್ತವೆ. ಲೀನ್ (ಕಾಯುವಿಕೆ, ರಾಶಿಯಂಥ ವ್ಯರ್ಥಗಳನ್ನು ಕಡಿಮೆ ಮಾಡುವ ಪದ್ಧತಿ) ಜಾರಿಗೆ ತರಬೇಕೆಂದು ಆಡಳಿತದವರು ಹೇಳಿದ್ದಾರೆ. ಮಾಡಿ ನೋಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗ, ಪೀಣ್ಯ)
ಮೇಡಂ, ನೀವು ಕೊಟ್ಟಿರುವ ಲೆಕ್ಕದಲ್ಲೇ ಅರ್ಧ ಉತ್ತರವಿದೆ. ಗಂಟೆಗೆ 60 ಪೀಸ್ ಹೊರಬರುವ ಲೈನಿನಲ್ಲಿ 600 ಪೀಸ್ ಕಾಯುತ್ತಿದ್ದರೆ, ಇಂದು ಬೆಳಿಗ್ಗೆ ಲೋಡ್ ಆದ ಶರ್ಟು ಕೆಲಸದ ಹತ್ತು ಗಂಟೆ ಕಳೆದ ಮೇಲೆ, ಅಂದರೆ ನಾಳೆ, ಎಂಡ್‌ಲೈನ್ ಚೆಕಿಂಗ್ ಟೇಬಲ್‌ಗೆ ಬರುತ್ತದೆ. ಅದರ ಮೇಲೆ ನಡೆಯುವ ಕೆಲಸವಾದರೋ ಶೇ 60 ದಕ್ಷತೆಯಲ್ಲೂ ಅರ್ಧ ಗಂಟೆಯದು, ಉಳಿದದ್ದೆಲ್ಲ ಕಾಯುವಿಕೆ.

ನಾವು ಮಾಡಿದ ತಪ್ಪೆಂದರೆ ಫೈವ್ ಎಸ್‌ನಿಂದ (ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಕ್ರಮದಿಂದ) ಆರಂಭಿಸಿದ್ದು. ನೆಲಕ್ಕೆ ಹಳದಿ ಗೆರೆ ಬಳಿದು ಬೋರ್ಡುಗಳನ್ನು ತೂಗುಹಾಕಿದೆವು. ರಾಶಿ ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ಕಾಲರ್ ರನ್‌ಸ್ಟಿಚ್‌ಗೆ (ಕಾಲರಿನ ಪದರಗಳನ್ನು ಜೋಡಿಸುವ ಹೊಲಿಗೆಗೆ) ಬಳಸುತ್ತಿದ್ದ ಪ್ಯಾಟರ್ನಿನ ಅಂಚು ಸವೆದು, ಕಾಲರಿನ ಎರಡು ಮೊನೆಗಳು ಸಮನಾಗಿ ಬರುತ್ತಿರಲಿಲ್ಲ. ಕಾಲರ್ ಅಟ್ಯಾಚ್ ಮಾಡುತ್ತಿದ್ದ ಹೆಣ್ಣುಮಗಳ ಎರಡೂ ಪಕ್ಕದಲ್ಲಿ ಮತ್ತು ಮಡಿಲಲ್ಲಿ ಬಂಡಲ್‌ಗಳಿದ್ದುದರಿಂದ, ಆ ದೋಷ ಮರುದಿನ ಮಧ್ಯಾಹ್ನ ಎಂಡ್‌ಲೈನಿನಲ್ಲಿ ಗೊತ್ತಾಗುವ ಹೊತ್ತಿಗೆ ಅಷ್ಟೂ ಪೀಸ್ ಆಲ್ಟರ್‌ಗೆ (ಬಿಚ್ಚಿ ಸರಿಪಡಿಸಲು) ಹೋಗಬೇಕಾಯಿತು. ಅದಾದ ಮೇಲೆ 20 ಪೀಸಿನ ಬಂಡಲನ್ನು 5ಕ್ಕೆ ಇಳಿಸಿ, ಮುಂದಿನ ಮೆಷಿನ್ ಬಳಿ ಎರಡು ಬಂಡಲ್ ನಿಂತಿದ್ದರೆ ಹಿಂದಿನವರು ಹೊಲಿಯುವುದನ್ನು ನಿಲ್ಲಿಸಿ ಅಲ್ಲಿಗೆ ನೆರವಾಗಬೇಕೆಂದು ನಿಯಮ ಮಾಡಿದೆವು. ಮೊದಲ ವಾರ ಔಟ್‌ಪುಟ್ ಇಳಿಯಿತು. ಆ ಇಳಿಕೆಗೆ ಆಡಳಿತದ ಒಪ್ಪಿಗೆಯನ್ನು ಮೊದಲೇ ಪಡೆದುಕೊಳ್ಳಿ. ಇಲ್ಲದಿದ್ದರೆ ಮೂರನೆಯ ದಿನವೇ ಹಳೆಯ ಬಂಡಲ್ ಹಿಂದಿರುಗುತ್ತದೆ.

ಲೀನ್‌ನ ಇನ್ನೊಂದು ಅಂಗವಾದ, ದೋಷ ಕಂಡಲ್ಲೇ ನಿಲ್ಲಿಸುವ ಪದ್ಧತಿ ಕಾರು ಕಾರ್ಖಾನೆಯದೆಂದು ಹಲವರು ತಿಳಿದಿದ್ದಾರೆ. ಅದರ ಬೇರು ನಮ್ಮ ಉದ್ಯಮದಲ್ಲೇ ಇದೆ: ಟೊಯೊಟಾ ಸಮೂಹದ ಮೂಲಪುರುಷ ಸಾಕಿಚಿ ಟೊಯೊಡಾ ಅವರ 1924ರ ಸ್ವಯಂಚಾಲಿತ ಮಗ್ಗವು ನೂಲು ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು.

ಉತ್ತರ (ಪ್ರೊಡಕ್ಷನ್ ಮ್ಯಾನೇಜರ್, ಮದ್ದೂರು)
ಸ್ಟೈಲ್ ಚೇಂಜ್ ದಿನವನ್ನೂ, ಅಂದರೆ ಲೈನ್ ಹೊಸ ವಿನ್ಯಾಸಕ್ಕೆ ಬದಲಾಗುವ ದಿನವನ್ನೂ ಗಮನಿಸಿ. ಫೋಲ್ಡರ್ (ಬಟ್ಟೆಯ ಅಂಚು ಮಡಿಸುವ ಸಾಧನ), ದಾರ, ಸೂಜಿ, ಒಪ್ಪಿಗೆಯಾದ ಸ್ಯಾಂಪಲ್, ಇವೆಲ್ಲವನ್ನೂ ಹಿಂದಿನ ಆರ್ಡರ್ ಓಡುತ್ತಿರುವಾಗಲೇ ಸಿದ್ಧಪಡಿಸಿದರೆ, ಲೈನ್ ಖಾಲಿ ಕೂರುವ ಹೊತ್ತು ಬಹಳ ಉಳಿಯುತ್ತದೆ.

ಉತ್ತರ (ಆಪರೇಟರ್, ಮೈಸೂರು ರಸ್ತೆ)
ಹನ್ನೊಂದು ವರ್ಷಗಳಿಂದ ಕಫ್ ಮತ್ತು ತೋಳು ಹೊಲಿಯುತ್ತಿರುವ ನಾನು ಒಂದು ಮಾತು ಹೇಳಬೇಕು. ಆ ರಾಶಿ ನಮಗೆ ಬೇಕಾಗಿಯೇ ಇರುತ್ತದೆ. ಮುಂದಿನವರ ಹತ್ತಿರ ಎರಡು ಬಂಡಲ್ ಹೆಚ್ಚಿಗೆ ಇದ್ದರೆ ಮಾತ್ರ ನಾವು ನೀರು ಕುಡಿಯಲು, ಶೌಚಾಲಯಕ್ಕೆ ಹೋಗಿಬರಲು ಸಾಧ್ಯ. ಈ ಗಂಟೆಯ ಟಾರ್ಗೆಟ್ ಮೀರಿದರೆ ಮುಂದಿನ ಗಂಟೆಗೆ ಟಾರ್ಗೆಟನ್ನೇ ಏರಿಸುವುದರಿಂದ, ಮುಗಿದ ಪೀಸನ್ನು ಕಾಲಡಿ ಇಟ್ಟುಕೊಳ್ಳುವವರೂ ಇದ್ದಾರೆ. ನಾನೂ ಹಾಗೆ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ರಾಶಿ ತೆಗೆದಾಗ ಬದಲಿ ಕೂರುವವರನ್ನು ಕೊಡಲಿಲ್ಲ. ಎದ್ದರೆ ಲೈನ್ ನಿಲ್ಲುತ್ತದೆಂದು ಬೈಗುಳ ಕೇಳಿ ಹಲವರು ನೀರು ಕುಡಿಯುವುದನ್ನೇ ಬಿಟ್ಟರು. ಆದ್ದರಿಂದ ಮೇಡಂ, ಬಂಡಲ್ ಚಿಕ್ಕದು ಮಾಡುವ ಮುನ್ನ ನಾಲ್ಕೈದು ಆಪರೇಷನ್ ಬಲ್ಲ ಇಬ್ಬರು ಫ್ಲೋಟರ್‌ಗಳನ್ನು (ಎದ್ದವರ ಜಾಗದಲ್ಲಿ ಬದಲಿ ಕೂರುವವರನ್ನು) ನಿಮ್ಮ ಲೈನಿಗೆ ಕೇಳಿ ಪಡೆಯಿರಿ. ಔಟ್‌ಪುಟ್ ಏರಿದ ಮೊದಲ ತಿಂಗಳೇ ಟಾರ್ಗೆಟ್ ಏರಿಸುವುದಿಲ್ಲವೆಂದು ಎಲ್ಲರೆದುರು ಹೇಳಿಸಿ.