ಸಹಾಯ ಬೇಕು: ಬೆಚ್ಚಗಿನ ಉಪ್ಪುನೀರು ಕೆಳಗೆ ನಿಲ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಹತ್ತಿರ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಆರ್ಕ್ಟಿಕ್ ಸಮುದ್ರದ ಮಾದರಿ ಮಾಡ್ತಿದ್ದಾರೆ. ಆರ್ಕ್ಟಿಕ್‌ನಲ್ಲಿರೋ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2008ರಿಂದ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ. ಅದರ ಪಕ್ಕದ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯಲ್ಲಿ 2014ರಲ್ಲಿ ಭಾರತದವರೇ ಇಂಡಾರ್ಕ್ ಅನ್ನೋ ಉಪಕರಣಗಳ ಸರಪಣಿ ಇಳಿಸಿ ನೀರಿನ ಉಷ್ಣತೆ, ಉಪ್ಪಿನಂಶ ಅಳೀತಿದ್ದಾರೆ. ಇದು ಕೇಳಿದ್ದೇ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ.

ಅಲ್ಲಿ ಬೇಸಿಗೆಯಲ್ಲಿ ಹಿಮನದಿ ಕರಗಿದ ಸಿಹಿನೀರು ಮೇಲಿರುತ್ತೆ, ಅಟ್ಲಾಂಟಿಕ್‌ನಿಂದ ಬರೋ ಬೆಚ್ಚಗಿನ ನೀರು ಅದರ ಕೆಳಗೆ ನುಗ್ಗುತ್ತೆ. ಬೆಚ್ಚಗಿದ್ದರೂ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರೋದರಿಂದ ಭಾರ ಜಾಸ್ತಿ, ಅಲ್ಲಿವರೆಗೆ ಅರ್ಥವಾಗಿದೆ.

ಗಾಜಿನ ತೊಟ್ಟಿಯಲ್ಲಿ ಐಸ್ ಹಾಕಿದ ಸಿಹಿನೀರು ತುಂಬಿ, ಬಣ್ಣ ಹಾಕಿದ ಬಿಸಿ ಉಪ್ಪುನೀರು ಬಿಟ್ಟು ನೋಡಿದ್ವಿ. ಒಂದು ಚಮಚ ಉಪ್ಪು ಹಾಕಿದಾಗ ಬಣ್ಣ ಮೇಲೇ ತೇಲಿತು. ಅಳತೆ ಮಾಡಿ 35 ಗ್ರಾಂ ಹಾಕಿದ ಮೇಲೆ ತಳಕ್ಕೆ ಹೋಯ್ತು, ಆದರೆ ಸ್ವಲ್ಪ ಹೊತ್ತಿಗೇ ಬಣ್ಣ ಮೇಲಿನವರೆಗೂ ಕದಡಿಹೋಗುತ್ತೆ. ಡ್ರಿಪ್ ಪೈಪಿನಿಂದ ನಿಧಾನಕ್ಕೆ ತಳಕ್ಕೇ ಬಿಟ್ಟರೂ ಹಾಗೇ. ತೀರ್ಪುಗಾರರು ಬರೋವರೆಗೆ ಪದರ ಉಳಿಯಲೇಬೇಕು, ಮಕ್ಕಳು ತುಂಬಾ ಕಷ್ಟಪಟ್ಟಿದ್ದಾರೆ.

ಪದರ ಕೆಡೋದು ನೀರು ಬಿಡೋ ರಭಸಕ್ಕಾ, ಅಥವಾ ಕೆಳಗಿನ ಬಿಸಿಯೇ ಮೇಲಿನ ನೀರನ್ನ ಕಲಕುತ್ತಾ? ಕೆಳಗಿನ ನೀರು ಎಷ್ಟು ಡಿಗ್ರಿ ಇರಬೇಕು? ಮಾಡಿ ನೋಡಿದವರು, ಭೌತಶಾಸ್ತ್ರದ ಮೇಷ್ಟ್ರುಗಳು ದಯವಿಟ್ಟು ತಿಳಿಸಿ.