ಸಂಡೇ ಸ್ಕೂಲ್ ಬೀರುವಿಗೆ ಪುಸ್ತಕ: ‘ಒಳ್ಳೆಯದು’ ಅಂತ ಯಾವುದನ್ನು ನಂಬಲಿ?

ಲಿಂಗರಾಜಪುರದ ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನಲ್ಲಿ ಸಂಡೇ ಸ್ಕೂಲ್ ನಡೆಸುವವಳು ನಾನು. ಎಂಟರಿಂದ ಹದಿಮೂರು ವರ್ಷದ ಮಕ್ಕಳು, ಎಲ್ಲರೂ ಬಂದ ದಿನ ಇಪ್ಪತ್ತೆರಡು ಜನ. ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಈ ಸಲದ ಮಳೆಗೆ ಗೋಡೆ ಒಸರಿ ಅದರೊಳಗಿನ ಪುಸ್ತಕಗಳೆಲ್ಲ ಉಬ್ಬಿ ಹಾಳಾದವು. ನಿಜ ಹೇಳಲಾ? ನನಗೆ ಬೇಜಾರೇನೂ ಆಗಲಿಲ್ಲ. ಅರ್ಧ ಕರಪತ್ರಗಳು, ಇನ್ನರ್ಧ ಯಾರೋ ಮನೆ ಖಾಲಿ ಮಾಡುವಾಗ ತಂದು ಸುರಿದದ್ದು. ಈಗ ಕಮಿಟಿಯವರು ಹತ್ತು ಸಾವಿರ ರೂಪಾಯಿ ಕೊಟ್ಟು, ‘ಮಕ್ಕಳಿಗೆ ಒಳ್ಳೆಯ ಪುಸ್ತಕ ತನ್ನಿ. ಬೈಬಲ್ ಕತೆ, ಭಕ್ತರ ಜೀವನ, ಇತಿಹಾಸದ ಕತೆ’ ಅಂದಿದ್ದಾರೆ. ಒಳ್ಳೆಯದು ಅಂದರೆ ಯಾವುದು ಅಂತ ಒಬ್ಬರೂ ಹೇಳಲಿಲ್ಲ.

ಅಮೆರಿಕದಲ್ಲಿ ನನ್ನ ನಾದಿನಿ ಇದ್ದಾಳೆ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಾಳೆ. ಅವಳು ಒಂದು ಪಟ್ಟಿ ಕಳಿಸಿದಳು, ಕ್ರೈಸ್ತ ಮನೆಗಳಲ್ಲಿ ಕಣ್ಣು ಮುಚ್ಚಿ ಕೊಡಬಹುದಾದ ಪುಸ್ತಕಗಳಂತೆ. ಅದನ್ನು ನಂಬಿ ನಾಲ್ಕು ತರಿಸಿದೆ. ಒಂದು, ಜಿ.ಎ. ಹೆಂಟಿ ಎಂಬಾತ ಸುಮಾರು 130 ವರ್ಷದ ಹಿಂದೆ ಬರೆದ ‘ದಿ ಟೈಗರ್ ಆಫ್ ಮೈಸೂರ್’. ಟಿಪ್ಪುವಿನ ಸೆರೆ ಸೇರಿರುವ ಅಪ್ಪನನ್ನು ಹುಡುಕಿಕೊಂಡು ಇಂಗ್ಲೆಂಡಿನಿಂದ ಒಬ್ಬ ಹುಡುಗ ಬರುತ್ತಾನೆ. ಹೆದರುವುದಿಲ್ಲ, ಅಮ್ಮನ ಮಾತು ಮೀರುವುದಿಲ್ಲ. ಇಡೀ ಪುಸ್ತಕದಲ್ಲಿ ಒಂದು ಕೆಟ್ಟ ಮಾತಿಲ್ಲ. ನನ್ನ ಹನ್ನೊಂದು ವರ್ಷದ ಮಗ ಎರಡೇ ದಿನದಲ್ಲಿ ಮುಗಿಸಿದ. ಮೂರನೇ ದಿನ ರಾತ್ರಿ ಊಟಕ್ಕೆ ಕೂತಾಗ ಕೇಳಿದ, ‘ಅಮ್ಮ, ಈ ಕತೆಯಲ್ಲಿ ನಾವು ಯಾರ ಕಡೆ?’

ಸಾರಿನ ಸೌಟು ಕೈಯಲ್ಲೇ ಉಳಿಯಿತು. ಆ ಇಂಗ್ಲಿಷರೂ ಚರ್ಚಿಗೆ ಹೋಗುವವರು, ನಾವೂ ಚರ್ಚಿಗೆ ಹೋಗುವವರು. ಆದರೆ ಅವರು ಗೋಡೆ ಒಡೆದು ನುಗ್ಗುವುದು ನಮ್ಮ ಬೆಂಗಳೂರಿಗೆ ಅಲ್ವಾ?

ಇನ್ನೊಂದು ತಲೆನೋವು ಕನ್ನಡದ್ದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಸತ್ಯವೇದ, ಅಂದರೆ ಕನ್ನಡ ಬೈಬಲ್ ತೆಗೆದು, ದಾವೀದನ ಕೀರ್ತನೆ ‘ಯೆಹೋವನು ನನಗೆ ಕುರುಬನು; ಕೊರತೆಪಡೆನು’ ಎಂದು ಓದಿಸಿದರೆ, ‘ಪಡೆನು’ ಅಂದರೆ ಪಡೆಯುವುದಿಲ್ಲ ಅಂತ ಗೊತ್ತಾಗದೆ, ಪಡೆದೆನು ಅಂತ ತಿಳಿದು, ‘ಟೀಚರ್, ದಾವೀದನಿಗೆ ಕೊರತೆ ಸಿಕ್ಕಿತಾ?’ ಅಂತ ಒಬ್ಬಳು ಕೇಳಿದಳು. ನಕ್ಕೆ, ಆದರೆ ತಪ್ಪು ಅವಳದಲ್ಲ.

ಹೆಂಟಿಯ ಪುಸ್ತಕವನ್ನು ವಾಪಸ್ ಕಳಿಸಲಾ, ಇಟ್ಟುಕೊಳ್ಳಲಾ? ಉಳಿದ ದುಡ್ಡಿಗೆ ಏನು ತರಲಿ?

ಚಾಮರಾಜಪೇಟೆ ಮೇಷ್ಟ್ರು:

ಮೇಡಂ, ನಾನು ಕ್ರೈಸ್ತನಲ್ಲ, ಮೂವತ್ತು ವರ್ಷ ಇತಿಹಾಸ ಹೇಳಿದವನು. ನಿಮ್ಮ ಮಗನಿಗೆ ನನ್ನ ಕಡೆಯಿಂದ ಹತ್ತಕ್ಕೆ ಹತ್ತು. ಪುಸ್ತಕ ವಾಪಸ್ ಮಾಡಬೇಡಿ. ಒಂದು ಭಾನುವಾರ ಮಧ್ಯಾಹ್ನ ಅದನ್ನು ಚೀಲದಲ್ಲಿ ಹಾಕಿಕೊಂಡು ಕೆ.ಆರ್. ಮಾರುಕಟ್ಟೆ ಪಕ್ಕದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ಮೊದಲು ಪೇಟೆ ಹಿಡಿಯಿತು. ಆಮೇಲೆ ಕೋಟೆ ಗೋಡೆಗೆ ಫಿರಂಗಿ ಹೊಡೆದು, 1791ರ ಮಾರ್ಚ್ 21ರ ರಾತ್ರಿ ಒಳಗೆ ನುಗ್ಗಿತು. ಗೋಡೆ ಒಡೆದ ಜಾಗದಲ್ಲಿ ಇವತ್ತಿಗೂ ಇಂಗ್ಲಿಷ್ ಬರಹದ ಒಂದು ಕಲ್ಲು ಇದೆ. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಕಾದಾಡುತ್ತಲೇ ಸತ್ತ.

ಪುಸ್ತಕದಲ್ಲಿ ಏನಿದೆ, ಕಲ್ಲಿನಲ್ಲಿ ಏನಿದೆ, ಎರಡರಲ್ಲೂ ಯಾರು ಇಲ್ಲ, ಇಷ್ಟು ಕೇಳಿ ಸಾಕು. ಆ ಯುದ್ಧದಲ್ಲಿ ಸತ್ತ ಬ್ರಿಟಿಷರಿಗೆಂದು ಕಾರ್ಪೊರೇಷನ್ ಹತ್ತಿರ ಒಂದು ಎತ್ತರದ ಸ್ಮಾರಕವೂ ಇತ್ತು. 1964ರಲ್ಲಿ ಕೆಡವಿದರು. ಆಗ ನಾನು ಚಡ್ಡಿ ಹಾಕುವ ವಯಸ್ಸಿನವನು, ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಅದನ್ನು ನೋಡಿದ ನೆನಪಿದೆ. ಇದನ್ನೂ ಹೇಳಿ. ಮಕ್ಕಳಿಗೆ ಇಂಥವು ಇಷ್ಟ ಆಗುತ್ತವೆ.

ಯುದ್ಧ ಇರುವ ಪುಸ್ತಕವೇ ಬೇಡ ಅನ್ನುವ ಕಮಿಟಿ ಇದ್ದರೆ ಮಾತ್ರ ಕಷ್ಟ. ಆಗ ನಿಮ್ಮ ಬೈಬಲಿನಲ್ಲಿ ಯುದ್ಧಗಳೇ ತುಂಬಿರುವ ‘ನ್ಯಾಯಸ್ಥಾಪಕರು’ ಭಾಗವನ್ನೂ ಬೀರುವಿನಿಂದ ತೆಗೆಯಬೇಕಾಗುತ್ತದೆ!

ಕುಕ್ ಟೌನ್ ತಾಯಿ:

ನಾವು ಕ್ಯಾಥೋಲಿಕರು. ನಮ್ಮ ಕಡೆ ಸಂತರ ಕತೆಗಳಿಗೆ ಬರವಿಲ್ಲ. ಆದರೆ ಬರೆಯುವವರು ಸೀದಾ ಸಾಯುವ ಪುಟಕ್ಕೇ ಹೋಗುತ್ತಾರೆ, ಕಾದ ಕಬ್ಬಿಣ, ಸಿಂಹದ ಬಾಯಿ ಅಂತ. ನನ್ನ ಸಣ್ಣವಳು ಒಂದು ವಾರ ಲೈಟ್ ಆರಿಸಲು ಬಿಡಲಿಲ್ಲ.

ಆಮೇಲೆ ನಾನು ಒಂದು ಲೆಕ್ಕ ಇಟ್ಟುಕೊಂಡೆ. ಆ ಮನುಷ್ಯ ಬದುಕಿದ್ದಾಗ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ ಅನ್ನುವುದು ಪುಸ್ತಕದಲ್ಲಿ ಇದ್ದರೆ ಕೊಳ್ಳುವುದು, ಇಲ್ಲದಿದ್ದರೆ ಇಲ್ಲ. ಸಂತ ಜೋಸೆಫ್ ವಾಜ್ ಇದ್ದಾರಲ್ಲ, ಗೋವಾದವರು, ನಮ್ಮ ಕೆನರಾ ಕರಾವಳಿಯಲ್ಲೂ ಓಡಾಡಿದವರು. ಡಚ್ಚರು ಕ್ಯಾಥೋಲಿಕ್ ಪಾದ್ರಿಗಳನ್ನು ಬಿಡದ ಕಾಲದಲ್ಲಿ ವೇಷ ಮರೆಸಿಕೊಂಡು ಶ್ರೀಲಂಕಾಕ್ಕೆ ಹೋದರು. ಕ್ಯಾಂಡಿಯಲ್ಲಿ ಸಿಡುಬು ಬಂದಾಗ ಮನೆಯವರೇ ಬಿಟ್ಟುಹೋದ ರೋಗಿಗಳನ್ನು ನೋಡಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊಗೆ ಬಂದು ಅವರನ್ನು ಸಂತರೆಂದು ಸಾರಿದರು. ಸಾಹಸ ಬೇಕು ಅನ್ನುವ ಹುಡುಗರಿಗೆ ಇದಕ್ಕಿಂತ ಬೇಕೇ?

ಹನ್ನೆರಡು ದಾಟಿದವರಿಗೆ ವೆಲ್ಲೂರು ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಕತೆ. ಆ ಆಸ್ಪತ್ರೆ ನಮ್ಮ ಮಕ್ಕಳಿಗೆ ಗೊತ್ತು, ಯಾವುದಾದರೂ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿಯೇ ಇರುತ್ತಾರೆ. ಒಂದೇ ರಾತ್ರಿ ಮೂರು ಮನೆಯವರು ಬಂದು, ಹೆರಿಗೆಗೆ ಹೆಣ್ಣು ಡಾಕ್ಟರೇ ಬೇಕು ಅಂದರು. ಆಕೆ ಆಗ ಡಾಕ್ಟರಲ್ಲ. ಡಾಕ್ಟರಾಗಿದ್ದ ಅಪ್ಪ ಗಂಡಸು, ಹಾಗಾಗಿ ಬೇಡ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಆಮೇಲೆ ಓದಿ ಡಾಕ್ಟರಾಗಿ, 1900ರಲ್ಲಿ ವಾಪಸ್ ಬಂದರು. ಚಿಕ್ಕವರಿಗೆ ಇದು ಬೇಡ, ಭಾರ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಸುಬ್ಬ:

ಹತ್ತು ಸಾವಿರವನ್ನೂ ಹೊಸ ಪುಸ್ತಕಕ್ಕೆ ಸುರಿಯಬೇಡಿ ಅಕ್ಕ. ನಾಲ್ಕು ಮಕ್ಕಳನ್ನು ಜೊತೆಗೆ ಕರೆದುಕೊಂಡು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಿಗೆ ಹೋಗಿ. ನೀವು ಆರಿಸಿದ್ದು ಬೀರುವಿನಲ್ಲೇ ಇರುತ್ತದೆ, ಅವರು ಆರಿಸಿದ್ದು ಮನೆಗೆ ಹೋಗುತ್ತದೆ. ಮತ್ತೆ ಚಿತ್ರದ ಬೈಬಲ್ ತೆಗೆದುಕೊಳ್ಳುವಾಗ ಯೇಸುಸ್ವಾಮಿಗೆ ನೀಲಿ ಕಣ್ಣು, ಹೊಂಬಣ್ಣದ ಕೂದಲು ಇದ್ದರೆ ಪಕ್ಕಕ್ಕಿಡಿ. ಬೆತ್ಲೆಹೇಮಿನಲ್ಲಿ ಹುಟ್ಟಿದವರು ರೀ!

ಪದಕೋಶ:

ಕನ್ನಡದ ವಿಷಯಕ್ಕೆ ಎರಡು ಮಾತು. ಹಳೆಯ ಭಾಷೆಯ ಪುಸ್ತಕ ಕೊಟ್ಟು ‘ಓದು’ ಅಂದರೆ ಆಗುವುದಿಲ್ಲ. ಚಿಕ್ಕವರಿಗೆ ನೀವೇ ಗಟ್ಟಿಯಾಗಿ ಓದಿ, ಬಾಯಿ ತಿರುಗದ ಕಡೆ ನಿಮ್ಮ ಮಾತಿನಲ್ಲಿ ಹೇಳಿ. ಕತೆಯ ರುಚಿ ಹತ್ತಿದ ಮೇಲೆ ಅಕ್ಷರ ತಾನೇ ಬರುತ್ತದೆ.

ಶುರು ಮಾಡಲು ಮೇರಿ ಜೋನ್ಸ್ ಕತೆ ಚೆನ್ನ. ವೇಲ್ಸಿನ ನೇಕಾರನ ಮಗಳು. ಆರು ವರ್ಷ ಪುಡಿಗಾಸು ಕೂಡಿಟ್ಟು, 1800ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಬೈಬಲ್ ಕೊಳ್ಳಲು ಸುಮಾರು 40 ಕಿಲೋಮೀಟರ್ ಬರಿಗಾಲಲ್ಲಿ ನಡೆದಳು. ಇಲ್ಲಿಂದ ಹೊಸೂರಿಗೆ ನಡೆದ ಹಾಗೆ. ಅವಳ ಕತೆ ಕೇಳಿದವರಿಂದಲೇ 1804ರಲ್ಲಿ ಲಂಡನ್ನಿನ ಬೈಬಲ್ ಸೊಸೈಟಿಗೆ ಚಾಲನೆ ಸಿಕ್ಕಿತು ಅನ್ನುತ್ತಾರೆ. ಭಾರತದ ಬೈಬಲ್ ಸೊಸೈಟಿ ನಮ್ಮ ಎಂ.ಜಿ. ರಸ್ತೆಯಲ್ಲೇ ಇದೆ.

ಅದೇ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ. ಒಂದು ತಮಾಷೆ ನೋಡಿ, ನಿಮ್ಮ ಹೆಂಟಿ ಹುಟ್ಟಿದ್ದು 1832ರಲ್ಲಿ, ಕಿಟೆಲ್ ಹುಟ್ಟಿದ್ದೂ 1832ರಲ್ಲಿ. ಒಬ್ಬ ನಮ್ಮ ನಾಡಿನ ಯುದ್ಧದ ಕತೆ ಮಾರಿದ. ಇನ್ನೊಬ್ಬ 1853ರಲ್ಲಿ ಪಾದ್ರಿಯಾಗಿ ಬಂದು ನಮ್ಮ ಮಾತುಗಳನ್ನೇ ಹೆಕ್ಕುತ್ತಾ ಕೂತ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಸುಮಾರು 70,000 ಪದ. ಯೇಸುವಿನ ಕತೆಯನ್ನು ‘ಕಥಾಮಾಲೆ’ ಎಂದು ಪದ್ಯದಲ್ಲೂ ಕಟ್ಟಿದ.

ಮಕ್ಕಳಿಗೆ ಶಾಲೆಯಲ್ಲಿ ಸರ್ವಜ್ಞನ ತ್ರಿಪದಿ ಇರುತ್ತದಲ್ಲ? ಊರೂರು ಅಲೆದು ಅವನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪ, ಒಬ್ಬ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ನಾವು ಯಾರ ಕಡೆ’ ಅಂದ ನಿಮ್ಮ ಮಗನಿಗೆ ಈ ಇಬ್ಬರನ್ನು ತೋರಿಸಿ.

ಲಿಂಗರಾಜಪುರದ ಟೀಚರ್:

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮೇಷ್ಟ್ರೇ, ಹೋಗಿದ್ದೆವು. ಒಂಬತ್ತು ಮಕ್ಕಳು, ಮೆಟ್ರೋದಲ್ಲಿ. ದಾರಿಯಲ್ಲಿ ಕಡಲೆಕಾಯಿಗೆ ಕಮಿಟಿ ದುಡ್ಡು ಮುಟ್ಟಲಿಲ್ಲ, ನನ್ನದೇ ಖರ್ಚು. ಈ ಒಡಕಿನ ಮೂಲಕ ಬ್ರಿಟಿಷರ ದಾಳಿ ‘ಡೆಲಿವರ್’ ಆಯಿತು ಅಂತ ಆ ಕಲ್ಲಿನಲ್ಲಿ ಇದೆ. ನನ್ನ ಮಗ ಓದಿ, ‘ದಾಳೀನೂ ಸ್ವಿಗ್ಗಿ ಥರ ಡೆಲಿವರಿ ಮಾಡಿದ್ರಾ?’ ಅಂದ. ಎಲ್ಲರೂ ನಕ್ಕರು. ಆಮೇಲೆ ಅವನೇ ಬಹಾದ್ದೂರ್ ಖಾನ್ ಹೆಸರು ಹುಡುಕಿ ಆ ಕಲ್ಲನ್ನು ಇನ್ನೆರಡು ಸಲ ಓದಿದ. ಇಲ್ಲ. ಮನೆಗೆ ಬಂದು ಹೆಂಟಿಯ ಪುಸ್ತಕದ ಮೊದಲ ಖಾಲಿ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಆ ಹೆಸರು ಬರೆದಿದ್ದಾನೆ. ಬೀರುವಿನ ಪುಸ್ತಕದಲ್ಲಿ ಗೀಚಬಾರದು ಅನ್ನುವುದು ನನ್ನದೇ ನಿಯಮ. ಈ ಸಲ ಅಳಿಸಲಿಲ್ಲ.

ಮೇರಿ ಜೋನ್ಸ್ ಕತೆಯನ್ನು ಮೊನ್ನೆ ಬಾಯಲ್ಲೇ ಹೇಳಿದೆ. ‘ಹೊಸೂರಿನವರೆಗೆ ಚಪ್ಪಲಿ ಇಲ್ಲದೆಯಾ!’ ಅಂತ ಅದೇ ‘ಕೊರತೆ’ ಹುಡುಗಿ ಬಾಯಿ ಬಿಟ್ಟಳು. ಜೋಸೆಫ್ ವಾಜ್ ಅವರದ್ದು, ಪ್ರೊಟೆಸ್ಟೆಂಟ್ ಸಂಡೇ ಸ್ಕೂಲಿಗೆ ಸಂತರು ಯಾಕೆ ಅಂತ ಕಮಿಟಿಯಲ್ಲಿ ಒಬ್ಬರು ಗೊಣಗುತ್ತಿದ್ದಾರೆ. ಸಿಡುಬಿನ ಭಾಗ ಓದಿ ಹೇಳುತ್ತೇನೆ, ನೋಡೋಣ. ಉಳಿದಿರುವುದು ಆರು ಸಾವಿರದ ಚಿಲ್ಲರೆ. ಬರುವ ಶನಿವಾರ ಸುಬ್ಬಣ್ಣ ಹೇಳಿದ ಹಾಗೆ ಚರ್ಚ್ ಸ್ಟ್ರೀಟ್. ಅದಕ್ಕೆ ಮುಂಚೆ ಬೀರುವನ್ನು ಒಸರುವ ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆಸಬೇಕು.