ಮರೆವಿನ ಕಾಯಿಲೆಯವರಿಗೆ ಚಿತ್ರ, ಹಾಡು, ಕತೆ: ಅನುಭವವಿದ್ದವರು ತಿಳಿಸಿ

ಕಲಬುರಗಿಯಿಂದ: ನಮ್ಮ ಅತ್ತೆಯವರಿಗೆ ಡಿಮೆನ್ಷಿಯಾ ಇದೆ. ಚಿತ್ರಕಲೆ ಒಳ್ಳೆಯದೆಂದು ಕೇಳಿ ಬಣ್ಣ ತುಂಬುವ ಪುಸ್ತಕ ತಂದುಕೊಟ್ಟರೆ, "ನಾನೇನು ಸಣ್ಣ ಕೂಸಾ?" ಎಂದು ಸರಿಸಿಬಿಡುತ್ತಾರೆ. ಸಂಜೆಯಾದರೆ ಊರಿಗೆ ಹೋಗುತ್ತೇನೆಂದು ಬಾಗಿಲಲ್ಲಿ ನಿಲ್ಲುತ್ತಾರೆ. ಏನು ಮಾಡಬಹುದು?

ಬೀದರಿನಿಂದ: ತಂಗಿ, ಅವರ ಮಾತು ನ್ಯಾಯವಾದದ್ದೇ. ಹೊಸದನ್ನು ಕಲಿಸುವುದಕ್ಕಿಂತ ಕೈಗೆ ರೂಢಿಯಿದ್ದ ಕೆಲಸವನ್ನು ಹುಡುಕಿ. ನಿನ್ನೆಯ ಸಂಗತಿ ಮರೆತವರಲ್ಲೂ ವರ್ಷಗಟ್ಟಲೆ ಮಾಡಿದ ಕೆಲಸದ ಹದ ಬಹುಕಾಲ ಉಳಿದಿರುತ್ತದೆ. ಬಿದರಿ ಕಸುಬಿನಲ್ಲಿ ಮೈಲುತುತ್ತದ ನೀರು ಹಚ್ಚಿ ಕಪ್ಪಾಗಿಸಿದ ಪಾತ್ರೆಯ ಮೇಲೆ ಮೊದಲು ಚೂಪಾದ ಕಡ್ಡಿಯಿಂದ ಹೂಬಳ್ಳಿ ಗೀರಿ, ಆಮೇಲೆ ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸುತ್ತಾರೆ. ಆ ಕಸುಬಿನವರಾದ ನಮ್ಮ ಕಾಕಾ ಅವರ ಕೈಗೆ ಈಗ ಉಳಿ ಕೊಡುವಂತಿಲ್ಲ. ಆದರೆ ಕಪ್ಪು ಪಾಟಿಯನ್ನೂ ಸೀಮೆಸುಣ್ಣವನ್ನೂ ಮುಂದಿಟ್ಟರೆ, ಸ್ವಂತ ಮಗನ ಹೆಸರಿಗೆ ತಡಕಾಡುವ ಅವರು ಬಳ್ಳಿಯ ಸುಳಿಯನ್ನು ಎಲ್ಲಿಯೂ ನಿಲ್ಲಿಸದೆ ಎಳೆಯುತ್ತಾರೆ. ನಿಮ್ಮ ಅತ್ತೆಯವರು ಕೌದಿ ಹೊಲಿದವರಾಗಿದ್ದರೆ, ಸೂಜಿ ನೀವು ಹಿಡಿದು, ಬಟ್ಟೆಯ ತುಂಡುಗಳ ಬಣ್ಣ ಹೊಂದಿಸುವ ಕೆಲಸವನ್ನು ಅವರಿಗೆ ಬಿಡಿ.

ಕಲಬುರಗಿಯ ಇನ್ನೊಬ್ಬರು: ಸಂಜೆಯ ಚಡಪಡಿಕೆ ಈ ಕಾಯಿಲೆಯಲ್ಲಿ ಸಾಮಾನ್ಯ. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ದೀಪ ಹಾಕಿ, ಟಿ.ವಿ. ಬಂದ್ ಮಾಡಿ, ತತ್ವಪದಕ್ಕೆ ಕೂರುತ್ತೇವೆ. ಮೊಬೈಲಿನ ಹಾಡಿಗಿಂತ ಎದುರು ಕುಳಿತು ಹಾಡುವುದು ಲೇಸು. ನಾವು ಒಂದು ಸಾಲಿಗೆ ನಿಂತರೆ ಮುಂದಿನದನ್ನು ಮುತ್ಯಾ ಎತ್ತಿಕೊಳ್ಳುತ್ತಾರೆ. ಪದ ಹೆಚ್ಚುಕಡಿಮೆಯಾದರೂ ದಮ್ಮಡಿಯ ತಾಳ ತಪ್ಪುವುದಿಲ್ಲ. ನಡುವೆ ತಿದ್ದಲು ಹೋಗಬೇಡಿ.

ಯಾದಗಿರಿಯಿಂದ: ಮನೆಯವರ ಫೋಟೊ ತೋರಿಸಿ "ಇವರು ಯಾರು ಹೇಳಿ" ಎನ್ನುವುದನ್ನು ದಯವಿಟ್ಟು ಬಿಡಿ, ಬಂದ ನೆಂಟರೆಲ್ಲ ಮಾಡುವ ಪರೀಕ್ಷೆ ಅದು. ಅಮೆರಿಕದ ಆನ್ ಬಾಸ್ಟಿಂಗ್ ಅವರು 1990ರ ದಶಕದಲ್ಲಿ ರೂಪಿಸಿದ ಕತೆ ಕಟ್ಟುವ ಪದ್ಧತಿಯಲ್ಲಿ ನೆನಪಿನ ಪ್ರಶ್ನೆಯೇ ಇಲ್ಲ. ಯಾರದೋ ಒಂದು ಚಿತ್ರ ತೋರಿಸಿ, ಇಲ್ಲಿ ಏನು ನಡೆದಿದೆ, ಮುಂದೆ ಏನಾಗುತ್ತದೆ ಎಂದು ಕೇಳಿ, ಬಂದ ಉತ್ತರವನ್ನೆಲ್ಲ ಬರೆದುಕೊಂಡು ಓದಿ ಹೇಳುತ್ತಾರೆ. ಎಮ್ಮೆಯ ಚಿತ್ರವೊಂದನ್ನು ಕೊಟ್ಟಾಗ ನಮ್ಮವ್ವ, "ಎಮ್ಮಿ ಸುರಪುರ ಸಂತಿಗಿ ಹೊಂಟದ, ಮಾಲಕ ಚಾ ಕುಡಿಲಾಕ ಕುಂತಾನ, ಅದಕ್ಕ ಸಿಟ್ಟು ಬಂದದ" ಎಂದರು. ಅದಕ್ಕೆ ಸರಿ-ತಪ್ಪು ಎಲ್ಲಿಯದು? ಹತ್ತು ನಿಮಿಷಕ್ಕೆ ಬೇಸರ ಬಂದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಮಾತು: ಅತ್ತೆಯವರ ಚಡಪಡಿಕೆ ಒಂದೆರಡು ದಿನಗಳಲ್ಲೇ ಒಮ್ಮೆಗೇ ಹೆಚ್ಚಿದ್ದರೆ, ಮೂತ್ರದ ಸೋಂಕಿನಂಥ ಕಾರಣವಿರಬಹುದಾದ್ದರಿಂದ, ಹಾಡು-ಚಿತ್ರಕ್ಕಿಂತ ಮೊದಲು ವೈದ್ಯರಿಗೆ ತೋರಿಸಿ.